ಮನೆಯ ಬ್ಯಾಟರಿಯೂ ಮಾರಿದ ಸೋಲಾರ್ ವಿದ್ಯುತ್ತಿನ ಹಣವೂ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ನೀಡಿದ ಭಾಷಣದ ಪಾಠ)



ವಿದ್ಯುತ್ತಿಗೂ ನಮ್ಮ ಕೋಲಾರ ಸೀಮೆಗೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು ಮೊಟ್ಟಮೊದಲು ಹರಿದು ಬಂದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅದಾದ ಮೇಲೆ, 1905ರಲ್ಲಿ. ಸುಮಾರು ನೂರು ವರ್ಷಗಳ ತರುವಾಯ ಕರ್ನಾಟಕ ವಿದ್ಯುತ್ ನಿಗಮವು ಇದೇ ಜಿಲ್ಲೆಯ ಯಳೇಸಂದ್ರದಲ್ಲಿ 3 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ವಿದ್ಯುತ್ ಘಟಕವನ್ನು ಸ್ಥಾಪಿಸಿತು. ಈಗ ಸೋಲಾರ್ ಫಲಕಗಳು ರೈತರ ಮನೆಯ ಮಾಳಿಗೆಗೂ ಬಂದಿವೆ. ಹಿಂದೆ ವಿದ್ಯುತ್ತು ಕಂಬದಿಂದ ಮನೆಗೆ ಮಾತ್ರ ಬರುತ್ತಿತ್ತು. ಈಗ ಮನೆಯಿಂದ ಕಂಬಕ್ಕೂ ಹೋಗುತ್ತದೆ. ಹೋದ ವಿದ್ಯುತ್ತಿಗೆ ಹಣವೂ ಬರುತ್ತದೆ.

ಈ ಹಣದ ಬಗ್ಗೆಯೇ ಇಂದು ನಾನು ಮಾತನಾಡಬೇಕೆಂದಿದ್ದೇನೆ. ಇತ್ತೀಚೆಗೆ ಸೋಲಾರ್ ಹಾಕಿಸುವ ರೈತರಿಗೆ, ಅದರ ಜೊತೆಯಲ್ಲಿ ಬ್ಯಾಟರಿಯನ್ನೂ ಕೊಳ್ಳುವಂತೆ ಮಾರಾಟಗಾರರು ಸಲಹೆ ಕೊಡುತ್ತಿದ್ದಾರೆ. "ಹಗಲಿನ ವಿದ್ಯುತ್ತು ಬ್ಯಾಟರಿಯಲ್ಲಿ ಉಳಿಯುತ್ತದೆ, ರಾತ್ರಿ ಬೆಸ್ಕಾಂ ವಿದ್ಯುತ್ತು ಬೇಡ, ಬರುವ ಹಣ ಹೆಚ್ಚುತ್ತದೆ" ಎಂದು ಹೇಳುವುದುಂಟು. ಕೇಳಲು ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಬ್ಯಾಟರಿಗೆ ಹಾಕುವ ಹಣ ಒಂದು ಜೊತೆ ಎತ್ತಿನ ಬೆಲೆಗೆ ಸಮನಾಗಬಹುದು. ಒಡವೆ ಅಡವಿಟ್ಟು ಅಥವಾ ಸಾಲ ಮಾಡಿ ಅದನ್ನು ಕೊಳ್ಳುವ ಮೊದಲು, ಮೀಟರಿನ ಲೆಕ್ಕವನ್ನು ನಾವೇ ಹಾಕಿ ನೋಡುವುದು ಅವಶ್ಯಕ.

ಮೀಟರು ಏನನ್ನು ಎಣಿಸುತ್ತದೆ?

ಮಾರುವ ವಿದ್ಯುತ್ತಿನ ಲೆಕ್ಕದಲ್ಲಿ ಮೂರು ಪದ್ಧತಿಗಳಿವೆ. ಇವನ್ನು ತಿಳಿದುಕೊಂಡರೆ ಉಳಿದದ್ದು ಸುಲಭ.

1. ಗ್ರಾಸ್ ಮೀಟರಿಂಗ್: ಫಲಕಗಳಲ್ಲಿ ಹುಟ್ಟಿದ ವಿದ್ಯುತ್ತೆಲ್ಲವೂ ನೇರವಾಗಿ ಕಂಬಕ್ಕೆ ಹೋಗುತ್ತದೆ. ಮನೆಗೆ ಬೇಕಾದುದು ಬೇರೆ ಮೀಟರಿನ ಮೂಲಕ ಬರುತ್ತದೆ. ಮಾರಿದ್ದಕ್ಕೆ ಒಂದು ದರ, ಕೊಂಡದ್ದಕ್ಕೆ ಇನ್ನೊಂದು ದರ.

2. ನೆಟ್ ಮೀಟರಿಂಗ್: ಹಗಲು ಮನೆ ಬಳಸಿ ಮಿಕ್ಕದ್ದು ಕಂಬಕ್ಕೆ ಹೋಗುತ್ತದೆ, ರಾತ್ರಿ ಬೇಕಾದುದು ಕಂಬದಿಂದ ಬರುತ್ತದೆ. ತಿಂಗಳ ಕೊನೆಯಲ್ಲಿ ಯೂನಿಟ್ಟಿಗೆ ಯೂನಿಟ್ಟನ್ನು ಕಳೆಯುತ್ತಾರೆ. ಕೊಟ್ಟದ್ದು ಹೆಚ್ಚಿದ್ದರೆ ಆ ಹೆಚ್ಚಿನ ಯೂನಿಟ್ಟುಗಳಿಗೆ ಒಪ್ಪಂದದ ದರದಲ್ಲಿ ಹಣ ಬರುತ್ತದೆ. ತಂದದ್ದು ಹೆಚ್ಚಿದ್ದರೆ ಅಷ್ಟಕ್ಕೆ ನಾವು ಬಿಲ್ಲು ಕಟ್ಟುತ್ತೇವೆ. ನಮ್ಮ ಕಡೆಯ ಮನೆ ಬಳಕೆದಾರರಿಗೆ ಹೆಚ್ಚು ಪರಿಚಿತವಾದ ಪದ್ಧತಿ ಇದೇ.

3. ನೆಟ್ ಬಿಲ್ಲಿಂಗ್: ಇಲ್ಲಿ ಯೂನಿಟ್ಟಿಗೆ ಯೂನಿಟ್ಟು ಕಳೆಯುವುದಿಲ್ಲ. ಕಂಬಕ್ಕೆ ಕೊಟ್ಟದ್ದಕ್ಕೆ ಮಾರಾಟದ ದರದಲ್ಲಿ ಹಣ ಕಟ್ಟುತ್ತಾರೆ, ಕಂಬದಿಂದ ತಂದದ್ದಕ್ಕೆ ಬಳಕೆಯ ದರದಲ್ಲಿ ಬಿಲ್ಲು ಹಾಕುತ್ತಾರೆ. ಆಮೇಲೆ ಹಣದಲ್ಲಿ ಹಣವನ್ನು ಕಳೆಯುತ್ತಾರೆ.

ಕೇಂದ್ರ ಸರ್ಕಾರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು 2020ರಲ್ಲಿ ಬಂದವು. 2021ರಲ್ಲಿ ಅವುಗಳಿಗೆ ತಿದ್ದುಪಡಿಯಾದಾಗ ಈ ಎಲ್ಲ ಪದ್ಧತಿಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ನಿಮ್ಮ ಮನೆಗೆ ಯಾವುದು ಅನ್ವಯಿಸುತ್ತದೆ ಎಂಬುದು ನೀವು ಬೆಸ್ಕಾಂ ಜೊತೆ ಮಾಡಿಕೊಂಡ ಒಪ್ಪಂದದ ಪತ್ರದಲ್ಲಿದೆ.

ದರದ ವಿಚಾರ

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರ ಅಕ್ಟೋಬರಿನಲ್ಲಿ ಮಾಳಿಗೆ ಸೋಲಾರ್ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ದರ ಗೊತ್ತುಮಾಡಿತು. ಸಹಾಯಧನ ಪಡೆದವರಿಗೆ 7 ರೂಪಾಯಿ 20 ಪೈಸೆ. ಒಪ್ಪಂದದ ಅವಧಿ 25 ವರ್ಷ. ಬೆಸ್ಕಾಂನಲ್ಲಿ 2014ರ ಕೊನೆಯಲ್ಲಿ ನೆಟ್ ಮೀಟರ್ ಜಾರಿಗೆ ಬಂದಿತು. ಫಲಕಗಳ ಬೆಲೆ ಇಳಿಯುತ್ತ ಬಂದಂತೆ 2016ರಿಂದೀಚೆಗೆ ಆಯೋಗವು ಹೊಸ ಒಪ್ಪಂದಗಳ ದರವನ್ನೂ ಹಂತಹಂತವಾಗಿ ಇಳಿಸಿದೆ. ಆದುದರಿಂದ ಒಂದೇ ಊರಿನಲ್ಲಿ ಅಕ್ಕಪಕ್ಕದ ಎರಡು ಮನೆಗಳಿಗೆ ಬೇರೆ ಬೇರೆ ದರ ಇರುವುದು ಸಹಜ. ಪಕ್ಕದ ಮನೆಯವರ ಲೆಕ್ಕ ನಮಗೆ ಹೊಂದುವುದಿಲ್ಲ.

ನಾವು ಕೊಳ್ಳುವ ವಿದ್ಯುತ್ತಿನ ದರವೋ? ಮನೆ ಬಳಕೆಗೆ ಆಯೋಗವು 2025-26ನೇ ಸಾಲಿಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ನಿಗದಿ ಮಾಡಿತ್ತು. ಸರ್‌ಚಾರ್ಜು, ತೆರಿಗೆ ಮತ್ತು ನಿಗದಿತ ಶುಲ್ಕ ಬೇರೆ. ಮುಂದಿನ ಉದಾಹರಣೆಯಲ್ಲಿ ಕೊಳ್ಳುವ ದರವನ್ನು 5 ರೂಪಾಯಿ 80 ಪೈಸೆ ಎಂದೂ, ಮಾರುವ ದರವನ್ನು ಲೆಕ್ಕಕ್ಕೆ ಅನುಕೂಲವಾಗಲೆಂದು 3 ರೂಪಾಯಿ ಎಂದೂ ಇಟ್ಟುಕೊಂಡಿದ್ದೇನೆ. ನೀವು ನಿಮ್ಮ ಬಿಲ್ಲಿನ ಮತ್ತು ಒಪ್ಪಂದದ ದರಗಳನ್ನು ಹಾಕಿಕೊಳ್ಳಬೇಕು.

ಒಂದು ಮನೆಯ ಲೆಕ್ಕ

3 ಕಿಲೋವ್ಯಾಟ್ ಫಲಕಗಳಿರುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ನಮ್ಮ ಸೀಮೆಯ ಬಿಸಿಲಿಗೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದು ಹಿಡಿದರೆ, ದಿನಕ್ಕೆ 12 ಯೂನಿಟ್ ಹುಟ್ಟುತ್ತದೆ. ಮನೆಯವರು ಹಗಲು 2 ಯೂನಿಟ್, ರಾತ್ರಿ 5 ಯೂನಿಟ್ ಬಳಸುತ್ತಾರೆ.

ಬ್ಯಾಟರಿ ಇಲ್ಲದಿದ್ದರೆ: ದಿನಕ್ಕೆ 10 ಯೂನಿಟ್ ಕಂಬಕ್ಕೆ ಹೋಗುತ್ತದೆ, ರಾತ್ರಿ 5 ಯೂನಿಟ್ ಬರುತ್ತದೆ. 30 ದಿನಕ್ಕೆ ಕೊಟ್ಟದ್ದು 300, ತಂದದ್ದು 150.

ಬ್ಯಾಟರಿ ಇದ್ದರೆ: ರಾತ್ರಿಯ 5 ಯೂನಿಟ್ ಬ್ಯಾಟರಿಯಿಂದ ಬರಬೇಕು. ಆದರೆ ಬ್ಯಾಟರಿಗೆ ತುಂಬಿದಷ್ಟೂ ಹಿಂದಕ್ಕೆ ಬರುವುದಿಲ್ಲ. ಕೆರೆಗೆ ಬಂದ ನೀರಿನಲ್ಲಿ ಆವಿಯಾಗಿ, ಇಂಗಿ, ಕೊನೆಗೆ ತೂಬಿನಿಂದ ಹೊರಬರುವುದು ಕಡಿಮೆಯಾಗುವುದಿಲ್ಲವೆ? ಹಾಗೆಯೇ ತುಂಬುವಾಗಲೂ ತೆಗೆಯುವಾಗಲೂ ಒಂದಷ್ಟು ವಿದ್ಯುತ್ತು ಶಾಖವಾಗಿ ಹೋಗುತ್ತದೆ. 6 ಯೂನಿಟ್ ತುಂಬಿದರೆ 5 ಯೂನಿಟ್ ಸಿಗುತ್ತದೆ ಎಂದು ಹಿಡಿಯೋಣ. ಆಗ ಕಂಬಕ್ಕೆ ಹೋಗುವುದು ದಿನಕ್ಕೆ 4 ಯೂನಿಟ್, ತಿಂಗಳಿಗೆ 120. ಕಂಬದಿಂದ ತರುವುದು ಏನೂ ಇಲ್ಲ.

ನೆಟ್ ಮೀಟರಿಂಗ್ ಪದ್ಧತಿಯಲ್ಲಿ: ಬ್ಯಾಟರಿ ಇಲ್ಲದ ಮನೆಗೆ 300ರಲ್ಲಿ 150 ಕಳೆದು 150 ಯೂನಿಟ್ಟಿಗೆ ಹಣ ಬರುತ್ತದೆ, ಅಂದರೆ 450 ರೂಪಾಯಿ. ಬ್ಯಾಟರಿ ಇರುವ ಮನೆಗೆ 120 ಯೂನಿಟ್ಟಿಗೆ 360 ರೂಪಾಯಿ. ಲಕ್ಷಾಂತರ ರೂಪಾಯಿ ಹಾಕಿದ ಮೇಲೆ ಬರುವ ಹಣ ತಿಂಗಳಿಗೆ 90 ರೂಪಾಯಿ ಕಡಿಮೆಯಾಯಿತು! ಕಾರಣ ಇಷ್ಟೆ: ನೆಟ್ ಮೀಟರಿನ ಮನೆಗೆ ಕಂಬವೇ ಬ್ಯಾಟರಿಯ ಕೆಲಸ ಮಾಡುತ್ತಿದೆ. ಹಗಲು ಕೊಟ್ಟ ಒಂದು ಯೂನಿಟ್ಟಿಗೆ ರಾತ್ರಿ ಒಂದು ಯೂನಿಟ್ಟನ್ನು ಅದು ಪೂರ್ತಿಯಾಗಿ ಹಿಂದಿರುಗಿಸುತ್ತದೆ. ಮನೆಯ ಬ್ಯಾಟರಿ ಅಷ್ಟು ಪ್ರಾಮಾಣಿಕವಲ್ಲ.

ನೆಟ್ ಬಿಲ್ಲಿಂಗ್ ಪದ್ಧತಿಯಲ್ಲಿ: ಬ್ಯಾಟರಿ ಇಲ್ಲದ ಮನೆಗೆ 300 ಯೂನಿಟ್ಟಿಗೆ 900 ರೂಪಾಯಿ ಜಮೆಯಾಗುತ್ತದೆ, 150 ಯೂನಿಟ್ಟಿಗೆ 870 ರೂಪಾಯಿ ಖರ್ಚಾಗುತ್ತದೆ. ಉಳಿಯುವುದು 30 ರೂಪಾಯಿ. ಬ್ಯಾಟರಿ ಇರುವ ಮನೆಗೆ 120 ಯೂನಿಟ್ಟಿಗೆ 360 ರೂಪಾಯಿ ಬರುತ್ತದೆ, ಕಟ್ಟುವುದು ಇಲ್ಲ. ಇಲ್ಲಿ ತಿಂಗಳಿಗೆ 330 ರೂಪಾಯಿ ಲಾಭ, ವರ್ಷಕ್ಕೆ 3,960 ರೂಪಾಯಿ. ಗಮನಿಸಿ: ಕಂಬಕ್ಕೆ ಮಾರಿ ಬಂದ ಹಣ ಇಲ್ಲಿಯೂ 900ರಿಂದ 360ಕ್ಕೆ ಇಳಿದಿದೆ. ಲಾಭ ಬಂದದ್ದು ಕೊಳ್ಳುವ ಬಿಲ್ಲು ತಪ್ಪಿದ್ದರಿಂದ.

ಗ್ರಾಸ್ ಮೀಟರಿಂಗ್ ಪದ್ಧತಿಯಲ್ಲಿ: ಹುಟ್ಟಿದ್ದೆಲ್ಲವೂ ಮಾರಾಟಕ್ಕೆ ಹೋಗುವುದರಿಂದ ಬ್ಯಾಟರಿಗೆ ಕೆಲಸವೇ ಇಲ್ಲ. ಫಲಕ ಮತ್ತು ಮಾರಾಟದ ಮೀಟರಿನ ನಡುವೆ ಬ್ಯಾಟರಿ ಇಟ್ಟರೆ ಅದರಲ್ಲಿ ಸೋರಿದ್ದು ಮೀಟರಿಗೆ ತಲಪುವುದೇ ಇಲ್ಲ. ಅಷ್ಟು ಹಣ ನಷ್ಟ.

ಬ್ಯಾಟರಿಯ ಸವಕಳಿ

ಟ್ರ್ಯಾಕ್ಟರಿಗೆ ಸವಕಳಿ ಇರುವಂತೆ ಬ್ಯಾಟರಿಗೂ ಸವಕಳಿ ಇದೆ. ದಿನಕ್ಕೆ 5 ಯೂನಿಟ್ ಕೊಡುವ ಬ್ಯಾಟರಿಗೆ 1 ಲಕ್ಷ ರೂಪಾಯಿ ಬಿದ್ದಿತು, ಅದು 10 ವರ್ಷ ಬಾಳಿತು ಎಂದುಕೊಳ್ಳಿ. ಹತ್ತು ವರ್ಷದಲ್ಲಿ ಅದು ಕೊಡುವುದು 18,250 ಯೂನಿಟ್. ಭಾಗಿಸಿದರೆ ಒಂದು ಯೂನಿಟ್ಟನ್ನು ಕೂಡಿಡುವ ಖರ್ಚೇ ಸುಮಾರು 5 ರೂಪಾಯಿ 48 ಪೈಸೆ ಆಯಿತು. ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ.

ಇನ್ನು ಲಾಭ ಎಷ್ಟು ಎಂಬುದಕ್ಕೆ ಒಂದು ಸುಲಭ ಸೂತ್ರವಿದೆ. ಮಾರುವ ದರವನ್ನು 6ರಿಂದ ಗುಣಿಸಿ 5ರಿಂದ ಭಾಗಿಸಿ. ಬಂದ ಮೊತ್ತವನ್ನು ಕೊಳ್ಳುವ ದರದಿಂದ ಕಳೆಯಿರಿ. ನಮ್ಮ ಉದಾಹರಣೆಯಲ್ಲಿ 3 ರೂಪಾಯಿ 3 ರೂಪಾಯಿ 60 ಪೈಸೆಯಾಗುತ್ತದೆ. ಅದನ್ನು 5 ರೂಪಾಯಿ 80 ಪೈಸೆಯಿಂದ ಕಳೆದರೆ 2 ರೂಪಾಯಿ 20 ಪೈಸೆ. ನೆಟ್ ಬಿಲ್ಲಿಂಗ್ ಇದ್ದಾಗಲೂ ಬ್ಯಾಟರಿಯ ಒಂದು ಯೂನಿಟ್ ನಮಗೆ ಉಳಿಸಿಕೊಡುವುದು ಇಷ್ಟೇ. 2 ರೂಪಾಯಿ 20 ಪೈಸೆ ಉಳಿಸಲು 5 ರೂಪಾಯಿ 48 ಪೈಸೆ ಖರ್ಚು ಮಾಡುವುದು ಲಾಭದಾಯಕವಲ್ಲ. ಸರ್‌ಚಾರ್ಜು, ತೆರಿಗೆ ಸೇರಿ ಕೊಳ್ಳುವ ದರ 7 ರೂಪಾಯಿ ಎಂದುಕೊಂಡರೂ ಉಳಿಯುವುದು 3 ರೂಪಾಯಿ 40 ಪೈಸೆ. ಮೊದಲಿನ ದರದಲ್ಲಿ ಇಂಥ ಬ್ಯಾಟರಿ ಅಸಲು ತರಬೇಕಾದರೆ ಅದರ ಬೆಲೆ ಸುಮಾರು 40,000 ರೂಪಾಯಿಗೆ ಇಳಿಯಬೇಕು. ಬೆಲೆಗಳು ಇಳಿಯುತ್ತಿರುವುದು ನಿಜ. ಅಂಗಡಿಯವರು ಹೇಳುವ ಬೆಲೆಯನ್ನು ಈ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಿ ತೀರ್ಮಾನಿಸಿ.

ನಾಲ್ಕು ಬಗೆಯ ಮನೆಗಳು

ನಾಲ್ಕು ತಾಲ್ಲೂಕುಗಳಿಂದ ಒಂದೊಂದು ಮನೆಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ.

ಮಾಲೂರು ತಾಲ್ಲೂಕಿನ ಹೂ ಬೆಳೆಗಾರರೊಬ್ಬರು 2015ರಲ್ಲಿ 9 ರೂಪಾಯಿ 56 ಪೈಸೆ ದರದ ಒಪ್ಪಂದ ಮಾಡಿಕೊಂಡಿದ್ದಾರೆ. ಇವರು ಮಾರುವ ದರ ಕೊಳ್ಳುವ ದರಕ್ಕಿಂತ ಹೆಚ್ಚು. ಬ್ಯಾಟರಿಯಲ್ಲಿ ಸೋರುವ 30 ಯೂನಿಟ್ಟಿಗೆ ತಿಂಗಳಿಗೆ 286 ರೂಪಾಯಿ 80 ಪೈಸೆ, ವರ್ಷಕ್ಕೆ 3,400 ರೂಪಾಯಿಗೂ ಮೇಲ್ಪಟ್ಟು ನಷ್ಟ. ಇಂಥವರು ಹಣದಾಸೆಗೆ ಬ್ಯಾಟರಿ ಹಾಕಿಸಲೇಬಾರದು. ಹಳೆಯ ಒಪ್ಪಂದದ ಪತ್ರವನ್ನು ಜಮೀನಿನ ಪತ್ರದಂತೆ ಜೋಪಾನ ಮಾಡಬೇಕು.

ಮುಳಬಾಗಿಲು ತಾಲ್ಲೂಕಿನ ಟೊಮೇಟೊ ಬೆಳೆಗಾರರ ಮನೆಯಲ್ಲಿ ಬಳಕೆ ಕಡಿಮೆ. 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲು ಸೊನ್ನೆ. ಕೊಳ್ಳುವ ವಿದ್ಯುತ್ತಿಗೆ ಹಣವನ್ನೇ ಕೊಡದ ಮನೆಗೆ ಬ್ಯಾಟರಿ ಉಳಿಸುವುದೇನು? ಸೂತ್ರದಲ್ಲಿ ಕೊಳ್ಳುವ ದರದ ಜಾಗದಲ್ಲಿ ಸೊನ್ನೆ ಹಾಕಿದರೆ ಉತ್ತರ ಸಿಗುತ್ತದೆ. ಇವರು ಸೋಲಾರ್ ಹಾಕಿಸುವ ಮೊದಲೇ, ತಮ್ಮ ಸಂಪರ್ಕಕ್ಕೆ ಗೃಹಜ್ಯೋತಿಯ ಸೌಲಭ್ಯ ಹೇಗೆ ಅನ್ವಯವಾಗುತ್ತದೆಂದು ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಬೇಕು.

ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಟದವರು ಈಗ ಹೊಸದಾಗಿ ಹಾಕಿಸುವವರು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000 ರೂಪಾಯಿವರೆಗೆ ಸಹಾಯಧನ ಗೊತ್ತಾಯಿತು. ಈ ಸಹಾಯಧನ ಸೋಲಾರ್ ಘಟಕಕ್ಕೆ ಮಾತ್ರ. ಬ್ಯಾಟರಿಯ ಖರ್ಚು ನಮ್ಮದೇ. ಆದುದರಿಂದ ಅಂದಾಜು ಪಟ್ಟಿಯಲ್ಲಿ ಬ್ಯಾಟರಿಯ ಬೆಲೆಯನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಬೇಕು.

ಕೋಲಾರ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯ ಪ್ರಶ್ನೆಯೇ ಬೇರೆ. ಅವರಿಗೆ ಮಾರುವ ಹಣಕ್ಕಿಂತ ಹುಳು ಮನೆಯ ಚಿಂತೆ ದೊಡ್ಡದು. ಈ ವಿಷಯಕ್ಕೆ ಈಗ ಬರುತ್ತೇನೆ.

ಕರೆಂಟು ಹೋದಾಗ

ಅನೇಕರಿಗೆ ತಿಳಿಯದ ಒಂದು ಸಂಗತಿ ಇದೆ. ಬ್ಯಾಟರಿಯಿಲ್ಲದ ನೆಟ್ ಮೀಟರ್ ಸೋಲಾರ್, ಕಂಬದ ಕರೆಂಟು ಹೋದ ಕೂಡಲೆ ತಾನೂ ನಿಲ್ಲುತ್ತದೆ. ಸುಡುಬಿಸಿಲಿನಲ್ಲಿಯೂ ಮನೆಗೆ ದೀಪ ಇರುವುದಿಲ್ಲ. ಇದು ದೋಷವಲ್ಲ. ತಂತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ವಿದ್ಯುತ್ತು ತಗುಲಿ ಪ್ರಾಣಾಪಾಯ ಆಗಬಾರದೆಂದು ಮಾಡಿರುವ ವ್ಯವಸ್ಥೆ.

ಕರೆಂಟು ಹೋದಾಗ ನಷ್ಟವಾಗುವ ಮನೆಗೆ ಬ್ಯಾಟರಿ ಬೇಕು. ರೇಷ್ಮೆ ಹುಳು ಮನೆಯಲ್ಲಿ ಗಾಳಿ, ತೇವ ಕಾಯುವ ಸಾಧನ ನಿಂತರೆ ಒಂದು ಬೆಳೆಗೇ ಪೆಟ್ಟು ಬೀಳಬಹುದು. ಹಾಲು ಕರೆಯುವ ಯಂತ್ರ ಇರುವವರು ನಸುಕಿನಲ್ಲಿ ಡೈರಿಯ ಹೊತ್ತಿಗೆ ಹಾಲು ಮುಟ್ಟಿಸಬೇಕು. ಮಕ್ಕಳ ಪರೀಕ್ಷೆ, ಮನೆಯಲ್ಲಿ ರೋಗಿಗಳು ಇವೂ ಇವೆ. ಇಲ್ಲಿ ಬ್ಯಾಟರಿಯ ಬೆಲೆಯನ್ನು ಬೆಸ್ಕಾಂ ಕೊಡುವ ಹಣದೊಡನೆ ಹೋಲಿಸಬಾರದು. ತಪ್ಪುವ ನಷ್ಟದೊಡನೆ ಹೋಲಿಸಬೇಕು.

ಅದಕ್ಕೆ ದೊಡ್ಡ ಬ್ಯಾಟರಿಯೇ ಬೇಕಾಗಿಲ್ಲ. 9 ವ್ಯಾಟಿನ 4 ಎಲ್.ಇ.ಡಿ. ಬಲ್ಬು, 60 ವ್ಯಾಟಿನ 2 ಫ್ಯಾನು 4 ಗಂಟೆ ನಡೆದರೆ ಖರ್ಚಾಗುವುದು ಸುಮಾರು 0.62 ಯೂನಿಟ್. ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿಯುತ್ತದೆ. ಅದರ ಬಾಳಿಕೆಯ ದೃಷ್ಟಿಯಿಂದ ಅರ್ಧವನ್ನು ಮಾತ್ರ ಬಳಸಿದರೂ 0.9 ಯೂನಿಟ್ ದೊರೆಯುತ್ತದೆ, ಇಷ್ಟು ಕೆಲಸಕ್ಕೆ ಸಾಕು. ಇಂಥ ಬ್ಯಾಟರಿಯನ್ನು ದಿನವೂ ತುಂಬಿ ಬರಿದುಮಾಡದೆ, ಕರೆಂಟು ಹೋದಾಗಷ್ಟೇ ಬಳಸುವಂತೆ ಇಟ್ಟುಕೊಂಡರೆ ಮಾರುವ ಯೂನಿಟ್ಟುಗಳು ಹೆಚ್ಚು ಕಡಿಮೆಯಾಗುವುದಿಲ್ಲ. ಬ್ಯಾಟರಿಯೂ ಬಾಳುತ್ತದೆ.

ಬೋರ್‌ವೆಲ್ ಮೋಟಾರನ್ನು ಮನೆಯ ಬ್ಯಾಟರಿಯಿಂದ ನಡೆಸುವ ಆಸೆ ಬೇಡ. 10 ಎಚ್.ಪಿ. ಮೋಟಾರು ಸುಮಾರು 7.5 ಕಿಲೋವ್ಯಾಟ್ ಎಳೆಯುತ್ತದೆ. 5 ಯೂನಿಟ್ಟಿನ ಬ್ಯಾಟರಿ 40 ನಿಮಿಷಕ್ಕೆ ಮುಗಿಯುತ್ತದೆ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ವಿದ್ಯುತ್ತು ಕೊಡುತ್ತಿದೆ. ಅದರ ಆರ್.ಆರ್. ನಂಬರೂ ಬೇರೆ, ಲೆಕ್ಕವೂ ಬೇರೆ. ಕರೆಂಟು ಇದ್ದಾಗ ತೊಟ್ಟಿ, ಕೃಷಿ ಹೊಂಡ ತುಂಬಿಸಿಕೊಳ್ಳುವುದೇ ಪಂಪಿನ ಮಟ್ಟಿಗೆ ಒಳ್ಳೆಯ ಬ್ಯಾಟರಿ.

ಬ್ಯಾಟರಿಯಿಲ್ಲದೆ ಉಳಿಸುವ ದಾರಿ

ನೆಟ್ ಬಿಲ್ಲಿಂಗ್ ಇರುವವರಿಗೆ ಖರ್ಚಿಲ್ಲದ ಒಂದು ಉಪಾಯವಿದೆ. ಮೇವು ಕತ್ತರಿಸುವ ಯಂತ್ರ, ಗ್ರೈಂಡರು, ಬಟ್ಟೆ ಒಗೆಯುವ ಯಂತ್ರ, ಮನೆಯ ನೀರಿನ ಟ್ಯಾಂಕಿನ ಮೋಟಾರು ಇವನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ ನಡೆಸಿ. ರಾತ್ರಿಯ 5 ಯೂನಿಟ್ಟಿನಲ್ಲಿ 2 ಯೂನಿಟ್ ಹಗಲಿಗೆ ಬಂದರೆ, ಪ್ರತಿ ಯೂನಿಟ್ಟಿಗೆ 2 ರೂಪಾಯಿ 80 ಪೈಸೆಯಂತೆ ತಿಂಗಳಿಗೆ 168 ರೂಪಾಯಿ ಉಳಿಯುತ್ತದೆ. ಒಂದು ಲಕ್ಷದ ಬ್ಯಾಟರಿ ಕೊಡುವ ಲಾಭದ ಅರ್ಧಕ್ಕಿಂತ ಹೆಚ್ಚು ಇದು. ನೆಟ್ ಮೀಟರಿಂಗ್ ಇರುವವರಿಗೆ ಹೊತ್ತು ಬದಲಿಸಿದರೂ ಬದಲಿಸದಿದ್ದರೂ ಹಣ ಒಂದೇ.

ಮುಂದೆ ಏನಾಗಬಹುದು?

ಈ ಲೆಕ್ಕ ಶಾಶ್ವತವಲ್ಲ. ಮೊದಲು ಹೇಳಿದ 2021ರ ತಿದ್ದುಪಡಿಯಲ್ಲಿ, ನೆಟ್ ಬಿಲ್ಲಿಂಗ್ ಇರುವ ಮನೆಗಳಿಗೆ ಹೊತ್ತಿಗೆ ತಕ್ಕ ದರ ತಂದು, ಕೂಡಿಟ್ಟ ವಿದ್ಯುತ್ತನ್ನು ಬೇಡಿಕೆ ಹೆಚ್ಚಿರುವ ವೇಳೆಯಲ್ಲಿ ಬಳಸಲು ಅಥವಾ ಕಂಬಕ್ಕೆ ಕೊಡಲು ಪ್ರೋತ್ಸಾಹಿಸಬಹುದೆಂದು ಆಯೋಗಗಳಿಗೆ ಅವಕಾಶ ಕೊಡಲಾಗಿದೆ. ಹಗಲು ಎಲ್ಲ ಮಾಳಿಗೆಗಳೂ ಒಟ್ಟಿಗೆ ಮಾರಿದರೆ ಬೆಲೆ ಇಳಿಯುವುದು, ಸಂಜೆ ಬೇಡಿಕೆ ಏರಿದಾಗ ಬೆಲೆ ಹೆಚ್ಚುವುದು ಕೋಲಾರದ ಟೊಮೇಟೊ ಮಾರುಕಟ್ಟೆಯನ್ನು ಬಲ್ಲ ನಿಮಗೆ ಹೊಸದೇನಲ್ಲ. ಸಂಜೆಯ ದರ ಹಗಲಿನ ದರಕ್ಕಿಂತ ಎಷ್ಟು ಮೇಲಿದ್ದರೆ ಬ್ಯಾಟರಿಯ ಸೋರಿಕೆಯೂ ಸವಕಳಿಯೂ ಕಳೆದು ಉಳಿಯುತ್ತದೆಂದು ಇದೇ ಸೂತ್ರದಿಂದ ನೋಡಬಹುದು. ಅಂಥ ದರ ನಿಮ್ಮ ಒಪ್ಪಂದದಲ್ಲಿ ಬರೆದು ಬಂದ ದಿನ ಬ್ಯಾಟರಿಯನ್ನು ಕೊಂಡರಾಯಿತು. ಬರಬಹುದೆಂಬ ಮಾತಿನ ಮೇಲೆ ಇಂದೇ ಸಾಲ ಮಾಡುವುದು ಬೇಡ.

ಗಮನಿಸಬೇಕಾದ ಅಂಶಗಳು

1. ಒಪ್ಪಂದದ ಪತ್ರದಲ್ಲಿ ಪದ್ಧತಿ, ದರ, ಮುಗಿಯುವ ವರ್ಷ ಈ ಮೂರನ್ನು ಗುರುತುಹಾಕಿಕೊಳ್ಳಿ.

2. ಮೂರು ತಿಂಗಳ ಬಿಲ್ಲುಗಳಿಂದ ಕೊಟ್ಟ ಯೂನಿಟ್, ತಂದ ಯೂನಿಟ್ ಎರಡನ್ನೂ ಬರೆದಿಡಿ.

3. ಬ್ಯಾಟರಿಯಿಂದ ದಿನಕ್ಕೆ ನಿಜವಾಗಿ ಎಷ್ಟು ಯೂನಿಟ್ ದೊರೆಯುತ್ತದೆ, ಎಷ್ಟು ವರ್ಷದ ಗ್ಯಾರಂಟಿ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ಸಾಲದು.

4. ಈಗಿರುವ ಸೋಲಾರಿಗೆ ಬ್ಯಾಟರಿ ಸೇರಿಸುವಾಗ ಅಥವಾ ಇನ್ವರ್ಟರ್ ಬದಲಿಸುವಾಗ ಬೆಸ್ಕಾಂ ಉಪವಿಭಾಗದ ಕಚೇರಿಗೆ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ. ತಿಳಿಸದೆ ಮಾಡಿದ ಜೋಡಣೆಯಿಂದ ಲೈನ್‌ಮನ್‌ಗೆ ಅಪಾಯ, ನಿಮ್ಮ ಒಪ್ಪಂದಕ್ಕೂ ತೊಡಕು.

5. ಕಂಬದ ವಿದ್ಯುತ್ತಿನಿಂದ ಬ್ಯಾಟರಿ ತುಂಬಿ ಅದನ್ನೇ ಸೋಲಾರ್ ದರಕ್ಕೆ ಮಾರುವ ಯೋಚನೆ ಬೇಡ. ಒಪ್ಪಂದ ಇರುವುದು ಬಿಸಿಲಿನಿಂದ ಹುಟ್ಟಿದ ವಿದ್ಯುತ್ತಿಗೆ.

6. ಸೀಸದ ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲಿಡಿ. ಡಿಸ್ಟಿಲ್ಡ್ ನೀರನ್ನು ಆಗಾಗ್ಗೆ ನೋಡಿ ತುಂಬಿ. ಹತ್ತಿರ ಬೆಂಕಿ ಹಚ್ಚಬೇಡಿ.

ಒಟ್ಟಿನಲ್ಲಿ ಹೇಳುವುದಾದರೆ, ಬ್ಯಾಟರಿ ಇಟ್ಟರೆ ಕಂಬಕ್ಕೆ ಮಾರಿ ಬರುವ ಹಣ ಯಾವ ಪದ್ಧತಿಯಲ್ಲಿಯೂ ಹೆಚ್ಚುವುದಿಲ್ಲ. ಕತ್ತಲಿಗಾಗಿ, ಹುಳು ಮನೆಗಾಗಿ ಬೇಕೆನಿಸಿದರೆ ಬೇಕಾದಷ್ಟೇ ಕೊಳ್ಳಿ. ವಿಸ್ತರಣಾ ಕಾರ್ಯಕರ್ತರು ಹಳ್ಳಿಗೆ ಹೋದಾಗ ಒಂದು ಬಿಲ್ಲು, ಒಂದು ಒಪ್ಪಂದದ ಪತ್ರ ಮುಂದಿಟ್ಟುಕೊಂಡು ರೈತರ ಜೊತೆ ಕುಳಿತು ಈ ಲೆಕ್ಕವನ್ನು ಮಾಡಿ ತೋರಿಸಬೇಕೆಂದು ಕೋರುತ್ತೇನೆ. ಅರ್ಧ ಗಂಟೆಯ ಕೆಲಸ ಅದು. ಒಂದು ಮನೆಯ ಒಂದು ಲಕ್ಷ ರೂಪಾಯಿ ಸಾಲವನ್ನು ತಪ್ಪಿಸಬಹುದು.